ಮರ್ಯಾದಸ್ಥರ ಮರೆವು

ಲೋಕ ಒಬ್ಬ ಸಂಗೀತಗಾರನನ್ನು ಮರೆತಿದೆಯೆಂದರೆ ಅವನು ಸುಮಾರಾದ ಸಂಗೀತ ಬರೆದಿರಬೇಕು ಎಂದು ನಾವೆಲ್ಲ ನೆಮ್ಮದಿಯಾಗಿ ನಂಬಿರುತ್ತೇವೆ. ಈ ನಂಬಿಕೆಯಲ್ಲಿ ಅನುಕೂಲವೂ ಇದೆ. ನಮಗೆ ಗೊತ್ತಿಲ್ಲದವರೆಲ್ಲ ಗೊತ್ತಿರಬೇಕಾದವರೇ ಅಲ್ಲ ಎಂದಾಗಿಬಿಡುತ್ತದೆ. ವಿಲಿಯಂ ಸ್ಟರ್ನ್‌ಡೇಲ್ ಬೆನೆಟ್ ಎಂಬ ಇಂಗ್ಲಿಷ್ ಪಿಯಾನೋ ವಾದಕನ ಸಹವಾಸಕ್ಕೆ ಬಿದ್ದ ಮೇಲೆ ನನ್ನ ಈ ನೆಮ್ಮದಿ ಕೆಟ್ಟಿದೆ.

ಅವನ ಹೆಸರು ಪಿಯಾನೋ ವಾದಕರ ಕಣ್ಣಿಗೆ ಈಗಲೂ ಬೀಳುತ್ತಲೇ ಇರುತ್ತದೆ. ಜರ್ಮನ್ ಸಂಗೀತಗಾರ ಶೂಮನ್‌ನ ‘ಸಿಂಫೋನಿಕ್ ಎಟ್ಯೂಡ್ಸ್’ ಎಂಬ ಪಿಯಾನೋ ಕೃತಿ 1837ರಲ್ಲಿ ಅಚ್ಚಾದಾಗ ಅರ್ಪಣೆಯಾದದ್ದು ಇವನಿಗೇ. ಅಷ್ಟು ಸಾಲದೆಂಬಂತೆ, ಇಂಗ್ಲೆಂಡನ್ನು ಹೊಗಳುವ ಒಂದು ಆಪೆರಾ ಹಾಡಿನ ಧಾಟಿಯನ್ನೂ ಶೂಮನ್ ಕೊನೆಯ ಭಾಗದೊಳಗೆ ತಂದು ಕೂರಿಸಿದ. ಆದರೆ ಅರ್ಪಣೆಯ ಸಾಲೆಂದರೆ ಮದುವೆ ಕರೆಯೋಲೆಯಲ್ಲಿ ‘ತಮ್ಮ ಸುಖಾಗಮನ ಬಯಸುವ’ ಹೆಸರುಗಳ ಹಾಗೆ: ಅಚ್ಚಾಗುವುದು ಕಡ್ಡಾಯ, ಓದುವುದು ಐಚ್ಛಿಕ.

ಬೆನೆಟ್ ಹುಟ್ಟಿದ್ದು 1816ರಲ್ಲಿ, ಶೆಫೀಲ್ಡ್‌ನಲ್ಲಿ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ತಂದೆ, ಮಗುವಿಗೆ ಮೂರು ವರ್ಷವಾದಾಗ ತೀರಿಕೊಂಡ. ಕೇಂಬ್ರಿಜ್‌ನಲ್ಲಿದ್ದ ತಾತ ಸಾಕಿದ. ಎಂಟಕ್ಕೆ ಕಿಂಗ್ಸ್ ಕಾಲೇಜಿನ ಗಾಯಕವೃಂದ, ಹತ್ತಕ್ಕೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್. 1833ರಲ್ಲಿ ಹದಿನೇಳರ ಈ ಹುಡುಗ ತಾನೇ ಬರೆದ ಕಾನ್ಸರ್ಟೋ (ವಾದ್ಯವೃಂದದ ಜೊತೆ ನುಡಿಸುವ ಪಿಯಾನೋ ಕೃತಿ) ನುಡಿಸಿದಾಗ ಸಭೆಯಲ್ಲಿದ್ದವನು ಜರ್ಮನ್ ಸಂಗೀತಗಾರ ಮೆಂಡೆಲ್ಸನ್. ಜರ್ಮನಿಗೆ ಬಾ ಎಂದು ಕರೆದ. ನಿಮ್ಮ ಶಿಷ್ಯನಾಗಿ ಬರಲೇ ಎಂದು ಹುಡುಗ ಕೇಳಿದ್ದಕ್ಕೆ, ಶಿಷ್ಯನಾಗಿ ಬೇಡ, ಗೆಳೆಯನಾಗಿ ಬಾ ಎಂದನಂತೆ. ಗುರುದಕ್ಷಿಣೆಯ ಖರ್ಚೂ ಉಳಿಯಿತು.

1836ರ ಅಕ್ಟೋಬರಿನಲ್ಲಿ ಬೆನೆಟ್ ಜರ್ಮನಿಯ ಲೈಪ್ಜಿಗ್ ಸೇರಿದ. ಖರ್ಚು ಕೊಟ್ಟದ್ದು ಬ್ರಾಡ್‌ವುಡ್ ಎಂಬ ಪಿಯಾನೋ ತಯಾರಕರು. ಮರುವರ್ಷದ ಜನವರಿಯಲ್ಲಿ ಅಲ್ಲಿನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ತನ್ನ ಸಿ ಮೈನರ್ ಕಾನ್ಸರ್ಟೋ ನುಡಿಸಿದ. ಶೂಮನ್ ತನ್ನ ಪತ್ರಿಕೆಯಲ್ಲಿ ಅವನನ್ನು ಬಾಯ್ತುಂಬ ಹೊಗಳಿ ಬರೆದ. ಬೆನೆಟ್ ಋಣ ತೀರಿಸಿದ ರೀತಿ ನನಗೆ ಇನ್ನೂ ಇಷ್ಟ. ಶೂಮನ್‌ನ ಹೊಗೆಸೊಪ್ಪಿನ ಚಟ, ಮೊಟಕು ಕೂದಲು, ಮೊಟಕು ಮೂಗು ಇಷ್ಟನ್ನೇ ವಸ್ತುವಾಗಿಟ್ಟುಕೊಂಡು ಹರಕುಮುರುಕು ಜರ್ಮನ್ನಿನಲ್ಲಿ ಒಂದು ತಮಾಷೆಯ ಪದ್ಯ ಕಟ್ಟಿ, ಸ್ವರ ಹಾಕಿದ. ಇಪ್ಪತ್ತಾರರ ಗೆಳೆಯನಿಗೆ ಅದರಲ್ಲಿ ವಯಸ್ಸು ಮೂವತ್ತು ಇರಬಹುದು ಎಂದೂ ಸೇರಿಸಿದ. ಗಂಭೀರ ಸಂಗೀತದ ಚರಿತ್ರೆಕಾರರು ಇಂಥದ್ದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನಾನು ಓದುವುದೇ ಅಡಿಟಿಪ್ಪಣಿಗಳನ್ನು.

ಇಷ್ಟೆಲ್ಲ ಇದ್ದವನು ಮರೆತುಹೋದದ್ದು ಹೇಗೆ? ಬೇಗ ಸಾಯುವುದು ಒಂದು ದಾರಿ. ಜಾರ್ಜ್ ಫ್ರೆಡರಿಕ್ ಪಿಂಟೋ ಎಂಬ ಲಂಡನ್ನಿನ ಹುಡುಗ 1806ರಲ್ಲಿ ಇಪ್ಪತ್ತಕ್ಕೇ ತೀರಿಕೊಂಡ. ಬದುಕಿದ್ದರೆ ಇನ್ನೊಬ್ಬ ಮೊಜಾರ್ಟ್ ಆಗುತ್ತಿದ್ದ ಎಂದು ಅವನ ಗುರು ಸಾಲೊಮನ್ ಮರುಗಿದ. ಅಲ್ಲಿ ಕೊನೆಪಕ್ಷ ‘ಬದುಕಿದ್ದರೆ’ ಎಂಬ ಮಾತಿಗಾದರೂ ಜಾಗವಿದೆ. ಬೆನೆಟ್ ಐವತ್ತೆಂಟರವರೆಗೆ ಬದುಕಿದ. ಅವನಿಗೆ ಬಂದದ್ದು ಸಾವಲ್ಲ, ಟೈಂಟೇಬಲ್.

ಲಂಡನ್ನಿಗೆ ಮರಳಿದವನು ಸಂಸಾರಕ್ಕಾಗಿ ಪಾಠ ಹಿಡಿದ. ಬೆಳಗಿನಿಂದ ಸಂಜೆಯವರೆಗೆ ಪಾಠ. ಉಳಿದ ಹೊತ್ತನ್ನು ಪರೋಪಕಾರ ನುಂಗಿತು. 1849ರಲ್ಲಿ ಬಾಖ್ ಸೊಸೈಟಿ ಕಟ್ಟಿದ. 1854ರಲ್ಲಿ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಇಂಗ್ಲೆಂಡಿನಲ್ಲಿ ಮೊದಲ ಸಲ ಕೇಳಿಬಂದದ್ದು ಇವನ ನಿರ್ದೇಶನದಲ್ಲಿ. ಮರೆತುಹೋದ ಮಹಾಕೃತಿಯೊಂದನ್ನು ತನ್ನ ದೇಶಕ್ಕೆ ಕೇಳಿಸಿದವನೇ ಮರೆವಿಗೆ ಸಂದ. 1856ರಲ್ಲಿ ಕೇಂಬ್ರಿಜ್‌ನ ಪ್ರೊಫೆಸರ್, 1866ರಲ್ಲಿ ಅಕಾಡೆಮಿಯ ಪ್ರಿನ್ಸಿಪಾಲ್, 1871ರಲ್ಲಿ ಸರ್ ಪದವಿ, 1875ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ. ಒಬ್ಬನನ್ನು ಇದಕ್ಕಿಂತ ಮರ್ಯಾದೆಯಿಂದ ಮರೆಯುವುದು ಸಾಧ್ಯವಿಲ್ಲ. ಹರೆಯದಲ್ಲಿ ಸಾಲುಸಾಲಾಗಿ ಕಾನ್ಸರ್ಟೋ ಬರೆದ ಕೈ ನಡುವಯಸ್ಸಿನಲ್ಲಿ ಹೆಚ್ಚಾಗಿ ಬೇರೆಯವರ ತಪ್ಪು ತಿದ್ದಿತು.

ಸಕಾಲಕ್ಕೆ ಒಬ್ಬ ಹಿತೈಷಿ ಸಿಗುವುದೂ ಅದೃಷ್ಟವೇ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ಗೆ 1940ರ ದಶಕದಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಸಿಕ್ಕಿದರು. ಅವರ ಹಣದಿಂದ ಮುದುಕನ ಕೃತಿಗಳು ಅವನದೇ ಕೈಯಲ್ಲಿ ಧ್ವನಿಮುದ್ರಣಗೊಂಡವು. ಅವನು ತನ್ನ ಮೂರನೆಯ ಕಾನ್ಸರ್ಟೋವನ್ನು ಒಡೆಯರಿಗೆ ಅರ್ಪಿಸಿದ. ಬೆನೆಟ್ ಮಾತ್ರ ಸತ್ತು ನೂರು ವರ್ಷ ಕಳೆದ ಮೇಲೆ ಮಾಲ್ಕಮ್ ಬಿನ್ಸ್, ಹೊವರ್ಡ್ ಶೆಲ್ಲಿಯಂಥ ವಾದಕರು ಬರುವವರೆಗೆ ಕಾಯಬೇಕಾಯಿತು. ಅವರ ಧ್ವನಿಮುದ್ರಣಗಳಲ್ಲಿ ಈಗ ಈ ಕಾನ್ಸರ್ಟೋಗಳನ್ನು ಕೇಳಬಹುದು. ನಾಲ್ಕನೆಯದರ ನಡುವಿನ ಭಾಗದಲ್ಲಿ ದೋಣಿಹಾಡಿನ ತೂಗಾಟವಿದೆ. ಬೆರಳುಗಳ ಕಸರತ್ತು ತೋರಿಸಿ ಚಪ್ಪಾಳೆ ಗಿಟ್ಟಿಸುವ ಆತುರವೇ ಇಲ್ಲ. ಮೊಜಾರ್ಟನನ್ನು ಆರಾಧಿಸುತ್ತಿದ್ದವನ ಸಂಕೋಚ ಅದು. ಜೋರಾಗಿ ಮಾತಾಡುವವರ ಮಧ್ಯೆ ಸಂಕೋಚದವರ ಗತಿ ಏನಾಗುತ್ತದೆಂದು ಯಾವ ಸಭೆಗೆ ಹೋದರೂ ಕಾಣಬಹುದು.

ಹಾಗಾದರೆ ಪಾಠಕ್ಕೂ ಪರೋಪಕಾರಕ್ಕೂ ಅವನು ಕೊಟ್ಟ ಆ ಗಂಟೆಗಳೆಲ್ಲ ದಂಡವಾದವೇ? ಹಾಗೆನ್ನಲಾರೆ. 1860ರ ದಶಕದ ಕೊನೆಯಲ್ಲಿ ಸರ್ಕಾರ ಅನುದಾನ ನಿಲ್ಲಿಸಿ, ಆಡಳಿತ ಮಂಡಳಿ ಅಕಾಡೆಮಿಯ ಬಾಗಿಲು ಹಾಕಲು ಹೊರಟಾಗ, ಒಪ್ಪದೆ ಅದನ್ನು ಉಳಿಸಿಕೊಂಡವನು ಬೆನೆಟ್. ಅದೇ ಅಕಾಡೆಮಿ 1889ರಲ್ಲಿ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಜೊತೆ ಸೇರಿ ಸಂಗೀತ ಪರೀಕ್ಷೆ ನಡೆಸುವ ಮಂಡಳಿಯೊಂದನ್ನು ಕಟ್ಟಿತು. ಆ ಮಂಡಳಿಯ ಗ್ರೇಡ್ ಪರೀಕ್ಷೆಗಳಿಗೆ ಇವತ್ತು ಬೆಂಗಳೂರಿನ ಮಕ್ಕಳೂ ಕೂರುತ್ತಾರೆ. ಭಾನುವಾರ ಬೆಳಿಗ್ಗೆ ಓರಗೆಯವರೆಲ್ಲ ಕ್ರಿಕೆಟ್ ಆಡುವಾಗ ಸ್ಕೇಲುಗಳನ್ನು ತಿಕ್ಕುತ್ತ ಕುಳಿತ ಹುಡುಗನೊಬ್ಬ, ಇದನ್ನೆಲ್ಲ ಶುರುಮಾಡಿದ ಪುಣ್ಯಾತ್ಮ ಯಾರೋ ಎಂದು ಹಲ್ಲು ಕಡಿಯುತ್ತಿದ್ದರೆ, ಆ ಪುಣ್ಯದಲ್ಲಿ ಬೆನೆಟ್‌ಗೂ ಸಣ್ಣ ಪಾಲು ಸಲ್ಲಬೇಕು. ಮರೆತುಹೋದವನಿಗೆ ಬೈಗುಳವೂ ಒಂದು ಬಗೆಯ ಸ್ಮರಣೆಯೇ.