ಊರಲ್ಲೇ ಅರ್ಥವಾಗದಿರುವ ಅನುಕೂಲ

ಯಾರ ಜೊತೆ ಯಾವ ಭಾಷೆ ಆಡಬೇಕೆಂಬ ಗೊಂದಲ ಹಂಪಿಯಲ್ಲಿ ಎಳನೀರು ಮಾರುವವರಿಗಿಲ್ಲ. ಅನಂತಪುರದವರಿಗೆ ತೆಲುಗು, ದಿಲ್ಲಿಯವರಿಗೆ ಹಿಂದಿ, ಫ್ರಾನ್ಸಿನವರಿಗೆ ಎರಡು ಬೆರಳು ಮತ್ತು ಒಂದು ನಗು. ಕಂಪ್ಲಿಯ ಭತ್ತದ ವ್ಯಾಪಾರಿ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಿ, ಹಮಾಲರೊಡನೆ ಕನ್ನಡದಲ್ಲಿ ಜಗಳಕ್ಕಿಳಿಯುತ್ತಾನೆ. ಕೃಷ್ಣದೇವರಾಯನೂ 'ಆಮುಕ್ತಮಾಲ್ಯದ'ವನ್ನು ತೆಲುಗಿನಲ್ಲಿ ಬರೆದು, ಶಾಸನಗಳನ್ನು ಕನ್ನಡ, ತಮಿಳು, ತೆಲುಗು, ಸಂಸ್ಕೃತಗಳಲ್ಲಿ ಹಾಕಿಸಿದ. ಕೊಟ್ಟ ದಾನ ಊರಿಗೆ ತಿಳಿಯಬೇಕಿತ್ತಲ್ಲ!

ನಮ್ಮ ಕಚೇರಿಗಳಿಗೆ ಆ ಚಿಂತೆಯಿಲ್ಲ. ಅಲ್ಲಿರುವುದು ಅಪ್ಪಟ ಸಮಾನತೆ: ಓದಿದವರಿಗೂ ಓದದವರಿಗೂ ಒಂದೇ ಸಮನೆ ಅರ್ಥವಾಗದ ಭಾಷೆ. 1963ರ ಕರ್ನಾಟಕ ರಾಜಭಾಷಾ ಕಾಯ್ದೆ ಬೇಡಿದ್ದು ಕನ್ನಡವನ್ನು, ತಿಳಿಗನ್ನಡವನ್ನಲ್ಲ. ಜಮೀನಿನ ಪೋಡಿ ಯಾವಾಗ ಆಗುತ್ತದೆಂದು ಕೇಳಿದ ರೈತನ ಕೈಗೆ ಹಿಂಬರಹ ಬರುತ್ತದೆ: "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದನ್ವಯ ನಿಯಮಾನುಸಾರ ಪರಿಶೀಲಿಸಿ ಅಗತ್ಯ ಕ್ರಮ ಜರುಗಿಸಲಾಗುವುದು." ಕಚೇರಿಯೆದುರು ಅರ್ಜಿ ಬರೆಯುವವನು ಅದನ್ನು ಎರಡು ಸಲ ಓದಿ, ದುಡ್ಡು ಎಣಿಸಿಕೊಂಡು, "ಇನ್ನೂ ಆಗಿಲ್ಲಂತ ನೋಡಪ" ಎಂದು ಅನುವಾದಿಸುತ್ತಾನೆ.

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಬಳ್ಳಾರಿವರೆಗೆ ಹೋಗಿ ಅರ್ಥವಾಗದೆ ಮರಳುತ್ತಿದ್ದ ಹೊಸಪೇಟೆಯವರಿಗೆ ಈಗ ಊರಲ್ಲೇ ಅರ್ಥವಾಗದಿರುವ ಅನುಕೂಲ. ಗಿರಾಕಿಗೆ ತಿಳಿಯದಿದ್ದರೆ ಸಂತೆಯ ಟೊಮೆಟೊ ಕೊಳೆಯುತ್ತದೆ. ಅರ್ಜಿದಾರನಿಗೆ ತಿಳಿಯದಿದ್ದರೆ ಕಡತ ಕೊಳೆಯುವುದಿಲ್ಲ, ದಪ್ಪವಾಗುತ್ತದೆ.

ಅರ್ಥವಾಗದಂತೆ ಹೇಳುವ ಈ ಕಲೆಯ ಶಿಖರ ನೋಡಲು ಸಂಡೂರಿನಂಥ ಗಣಿ ಸೀಮೆಗೆ ಬರಬೇಕು. ಗಣಿಗೆ ಮೊದಲು ಸಾರ್ವಜನಿಕರ ಅಹವಾಲು ಕೇಳಬೇಕೆನ್ನುತ್ತದೆ 2006ರ ಪರಿಸರ ಅಧಿಸೂಚನೆ. ಪರಿಸರ ಪರಿಣಾಮದ ಪೂರ್ತಿ ವರದಿ ಇಂಗ್ಲಿಷಿನಲ್ಲಿ, ಬಲು ದಪ್ಪ. ಸ್ಥಳೀಯ ಭಾಷೆಗೆ ಸಿಗುವುದು ಸಾರಾಂಶ. ಅದೂ ಎ-4 ಅಳತೆಯ ಹತ್ತು ಪುಟ ಮೀರುವಂತಿಲ್ಲ. ಗುಡ್ಡವನ್ನು ಅಗೆಯಲು ಹತ್ತಾರು ವರ್ಷ, ಅದನ್ನು ಕನ್ನಡದಲ್ಲಿ ಹೇಳಲು ಹತ್ತೇ ಹಾಳೆ! ಲಂಬಾಣಿ ಮಾತಾಡುವ ತಾಂಡಾದವರಿಗೆ ಆ ಹತ್ತು ಹಾಳೆಯೂ ಪರಭಾಷೆ.

ಅಹವಾಲು ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು, "ಗಂಗಾಳದಾಗ ಕೆಂಪು ಧೂಳು ಬೀಳ್ತೈತ್ರಿ, ಉಣ್ಣಾದು ಹೆಂಗ?" ಎಂದು ಕೇಳಿದಳೆನ್ನಿ. ಪರಿಣತರ ಉತ್ತರ ಸಿದ್ಧವಿರುತ್ತದೆ: "ಪಿಎಂ 10ರ ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮಿತಿಯೊಳಗಿದೆ." ಅಜ್ಜಿ ಸುಮ್ಮನೆ ಕೂರುತ್ತಾಳೆ. ನಡಾವಳಿಯಲ್ಲಿ "ಸೂಕ್ತ ಉತ್ತರ ನೀಡಲಾಯಿತು" ಎಂದು ದಾಖಲಾಗುತ್ತದೆ.

ಆಳುವವರಿಗೆ ಜನರ ಭಾಷೆ ಬರುವುದಿಲ್ಲವೆಂದು ದೂರಬೇಡಿ. ಚುನಾವಣೆ ಬಂದಾಗ ಇದೇ ತಾಂಡಾಗಳಲ್ಲಿ ಲಂಬಾಣಿಯಲ್ಲೇ ಮೈಕು ಕೂಗುತ್ತದೆ. ತಿಳಿಯುವಂತೆ ಹೇಳಿದರೆ ಜನ ವೋಟು ಕೊಡುತ್ತಾರೆ, ಗುಡ್ಡ ಕೊಡುವುದಿಲ್ಲ ಎಂಬುದು ಮೇಲಿನವರಿಗೆ ಚೆನ್ನಾಗಿಯೇ ಅರ್ಥವಾಗಿದೆ.