ಕೆಂಪು ತ್ರಿಕೋನದ ಸಂದರ್ಶನ

ಕೆಂಪು ತ್ರಿಕೋನವು ಭಾರತ ಸರ್ಕಾರದ ಕುಟುಂಬ ಯೋಜನೆಯ ಲಾಂಛನ. 1960ರ ದಶಕದ ಉತ್ತರಾರ್ಧದಲ್ಲಿ ಹುಟ್ಟಿ, ಆಸ್ಪತ್ರೆ ಗೋಡೆಗಳಿಂದ ನಿರೋಧ್ ಪೊಟ್ಟಣದವರೆಗೆ ಎಲ್ಲೆಲ್ಲೂ ತುದಿ ಕೆಳಗಾಗಿ ನಿಂತ ಈ ಲಾಂಛನ ನಿವೃತ್ತಿಯ ಅಂಚಿನಲ್ಲಿ ಸಂದರ್ಶನಕ್ಕೆ ಒಪ್ಪಿತು.

ವಂಶಾವಳಿ ಕೇಳಿದ್ದಕ್ಕೆ ಅದು ಮೊದಲು ನೆನೆದದ್ದು ಮೈಸೂರನ್ನು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. "ಅಲ್ಲಿ ಟಾರ್ಗೆಟ್ ಇರಲಿಲ್ಲ, ಪಾಪ" ಎಂದು ತ್ರಿಕೋನ ಮರುಗಿತು. 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, 1965ರಲ್ಲಿ ಗರ್ಭಕೋಶದೊಳಗಿಡುವ ವಂಕಿ. ವಂಕಿ ಹಾಕಿಸಿಕೊಂಡವರ ರಕ್ತಸ್ರಾವ ನೋಡಿಕೊಳ್ಳಲು ವೈದ್ಯೆಯರು ಸಾಲಲಿಲ್ಲ. ಹಾಕಿದ ಲೆಕ್ಕ ಮಾತ್ರ ಮೇಲಿನವರಿಗೆ ಸರಿಯಾಗಿ ತಲುಪಿತು.

ತುರ್ತು ಪರಿಸ್ಥಿತಿಯ ಮಾತೆತ್ತಿದಾಗ ತ್ರಿಕೋನ ಕೊಂಚ ತಡವರಿಸಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ನಡೆದವು; ಅವುಗಳಲ್ಲಿ ಬಹುಪಾಲು ಗಂಡಸರದು. ಉತ್ತರದ ರಾಜ್ಯಗಳಲ್ಲಿ ಶಾಲಾ ಮೇಷ್ಟ್ರುಗಳೂ 'ಕೇಸು' ಹಿಡಿದು ತರಬೇಕಿತ್ತು, ಇಲ್ಲವಾದರೆ ಸಂಬಳಕ್ಕೆ ಕತ್ತರಿ. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು, ಕುಟುಂಬ ಯೋಜನೆ 'ಕುಟುಂಬ ಕಲ್ಯಾಣ'ವಾಯಿತು. ಕಲಿತ ಪಾಠವೇನೆಂದರೆ, ತ್ರಿಕೋನದ ಪ್ರಕಾರ, ಗಂಡಸರ ತಂಟೆಗೆ ಹೋಗಬಾರದು: "ಅವರು ಸಿಟ್ಟಾಗಿ ಮತ ಹಾಕುತ್ತಾರೆ." ಹೆಂಗಸರಿಗೂ ಮತವಿದೆಯಲ್ಲ ಎಂದು ಸಂದರ್ಶಕರು ನೆನಪಿಸಿದರು. ತ್ರಿಕೋನ ನೀರು ಕುಡಿಯಿತು.

ಆ ಪಾಠದ ಫಲ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಹೆರುವ ವಯಸ್ಸಿನ ವಿವಾಹಿತೆಯರಲ್ಲಿ ಸುಮಾರು ಶೇ. 38 ಮಂದಿ ಆಪರೇಷನ್ ಮಾಡಿಸಿಕೊಂಡವರು, ಕರ್ನಾಟಕದಲ್ಲಿ ಶೇ. 57. ಗಂಡಂದಿರ ಪಾಲು ದೇಶದಲ್ಲಿ ಶೇ. 0.3. ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚು ಸರಳ ಎನ್ನುವುದು ವೈದ್ಯರೆಲ್ಲ ಬಲ್ಲ ಸಂಗತಿ. "ಸರಳವಾದದ್ದಕ್ಕೆ ಶಿಬಿರ ಯಾಕೆ?" ಎಂದು ತ್ರಿಕೋನ ಮರುಪ್ರಶ್ನೆ ಹಾಕಿತು.

ಆಪರೇಷನ್ ಶಿಬಿರ ಹೇಗಿರುತ್ತದೆಂಬುದಕ್ಕೆ 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ನಡೆದದ್ದೇ ಸಾಕು. ಬಳಕೆಯಲ್ಲಿಲ್ಲದ ಆಸ್ಪತ್ರೆಯ ಕಟ್ಟಡವೊಂದರಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಮಹಿಳೆಯರಿಗೆ ತಲಾ 600 ರೂಪಾಯಿ ಪ್ರೋತ್ಸಾಹಧನ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಾವಿರಾರು ಆಪರೇಷನ್ ಮುಗಿಸಿದ ಸಾಧನೆಗಾಗಿ ಅದೇ ವರ್ಷ ಜನವರಿಯಲ್ಲಿ ಆ ವೈದ್ಯರಿಗೆ ರಾಜ್ಯ ಸರ್ಕಾರದ ಸನ್ಮಾನವಾಗಿತ್ತು. ಇದನ್ನು ಕೇಳಿದಾಗ ತ್ರಿಕೋನ, 1996ರಲ್ಲೇ ಟಾರ್ಗೆಟ್ ಪದ್ಧತಿ ರದ್ದಾಗಿದೆ ಎಂಬ ಆದೇಶವನ್ನು ತೋರಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು.

ಈಗ ಗಾಳಿ ತಿರುಗಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ಮೂರು ದಶಕದ ನಿಯಮವನ್ನು ಆಂಧ್ರಪ್ರದೇಶ 2024ರಲ್ಲಿ ಕೈಬಿಟ್ಟಿತು. ಹೆಚ್ಚು ಹೆರಿ ಎಂದು ಅಲ್ಲಿನ ಮುಖ್ಯಮಂತ್ರಿಯೇ ಹೇಳುತ್ತಿದ್ದಾರೆ. ಹೊಸ ಟಾರ್ಗೆಟ್ ಎಷ್ಟು ಎಂದು ಕೇಳಿದ್ದಕ್ಕೆ, ಸುತ್ತೋಲೆ ಇನ್ನೂ ಕೈಸೇರಿಲ್ಲ ಎಂದಿತು ತ್ರಿಕೋನ. ಯಾರ ಮನೆಗೆ ಹೋಗಬೇಕು, ಯಾರನ್ನು ಕರೆದು ಕೂರಿಸಬೇಕು ಎಂಬ ಪಟ್ಟಿ ಮಾತ್ರ ಹಳೆಯದೇ ನಡೆಯುತ್ತದಂತೆ.