ಕಾಸಾಬ್ಲಾಂಕಾದಲ್ಲಿ ಏನಿದೆ ಮಹಾ?

ಮೊರಾಕೊ ನೋಡಿಬಂದವರನ್ನು ಕಾಸಾಬ್ಲಾಂಕಾ ಹೇಗಿದೆ ಅಂತ ಕೇಳಿ ನೋಡಿ. ಮೂಗು ಮುರಿಯುತ್ತಾರೆ. ‘ಅಯ್ಯೋ, ಅಲ್ಲೇನಿದೆ ಮಹಾ? ವಿಮಾನ ಇಳಿಯೋಕಷ್ಟೇ ಆ ಊರು. ಮರಾಕೇಶ್ ನೋಡಿ, ಫೆಸ್ ನೋಡಿ!’ ಹೀಗೆ ಅಪ್ಪಣೆ ಕೊಡಿಸುವ ಮಹಾಶಯರು ಆ ಊರಿನಲ್ಲಿ ಇದ್ದದ್ದು ಒಂದು ಮಧ್ಯಾಹ್ನ. ಅದರಲ್ಲೂ ಅರ್ಧ ಹೊತ್ತು ಮಾಲ್‌ನಲ್ಲಿ.

ಅವರ ದುಃಖ ನನಗೆ ಅರ್ಥವಾಗುತ್ತದೆ. ಪ್ರವಾಸ ಅಂದಮೇಲೆ ಹಳೆಯದು ಬೇಕು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ದುಡಿದು ತಿನ್ನುವ ಈ ಬಂದರು ನಗರಿಗೋ ಪ್ರವಾಸಿಗಳನ್ನು ಕಂಡರೆ ಕೀಟಲೆ. ಇಲ್ಲಿ ಹಳೆಯದಾಗಿ ಕಾಣುವುದನ್ನು ನಂಬುವ ಹಾಗಿಲ್ಲ.

ಹಬೂಸ್ ಪೇಟೆಗೆ ಹೋಗಿ. ಕಲ್ಲಿನ ಕಮಾನು, ಸಣ್ಣ ಓಣಿ, ತಾಮ್ರದ ಪಾತ್ರೆ, ಬಣ್ಣಬಣ್ಣದ ಚರ್ಮದ ಚಪ್ಪಲಿ, ಗುಡ್ಡೆ ಹಾಕಿದ ಆಲಿವ್. ‘ಸಾವಿರ ವರ್ಷದ್ದಿರಬೇಕು’ ಎಂದು ನೀವು ಬಾಯಿ ಬಿಡುವಷ್ಟರಲ್ಲಿ ತಿಳಿಯುತ್ತದೆ: ಕಟ್ಟಿಸಿದವರು ಫ್ರೆಂಚರು, ಅದೂ ಕಳೆದ ಶತಮಾನದಲ್ಲಿ. ಬೇಜಾರಾದರೆ ಅಲ್ಲೇ ಮಿಠಾಯಿ ಅಂಗಡಿಗೆ ನುಗ್ಗಿ ‘ಜಿಂಕೆ ಕೊಂಬು’ ತಿನ್ನಿ. ಒಳಗೆ ಬಾದಾಮಿ ಹೂರಣ, ಬಾಗಿದ ಮೈ. ನಮ್ಮ ಕರ್ಜಿಕಾಯಿಯ ದೂರದ ತಂಗಿ.

ಇನ್ನು ಸಿನಿಮಾ ಪ್ರಿಯರ ಪಾಡು ಕೇಳಲೇಬೇಡಿ. 1942ರ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಹಂಫ್ರಿ ಬೋಗಾರ್ಟ್ ನಡೆಸುವ ಕೆಫೆಯನ್ನು ಹುಡುಕಿಕೊಂಡು ಬರುತ್ತಾರೆ. ಚಿತ್ರ ತೆಗೆದದ್ದು ಕ್ಯಾಲಿಫೋರ್ನಿಯಾದಲ್ಲಿ! ಬಂದವರು ಹೀಗೆ ಪೆಚ್ಚಾಗುವುದನ್ನು ನೋಡಲಾರದೆ, ರಾಜತಾಂತ್ರಿಕ ಕೆಲಸದಲ್ಲಿದ್ದ ಅಮೆರಿಕದ ಕ್ಯಾಥಿ ಕ್ರೀಗರ್ 2004ರಲ್ಲಿ ‘ರಿಕ್ಸ್ ಕೆಫೆ’ ತೆರೆದೇಬಿಟ್ಟರು. ಸುಳ್ಳು ಸೆಟ್ಟಿಗೆ ನಿಜವಾದ ಗೋಡೆ ಬಂತು, ನಿಜವಾದ ಬಿಲ್ಲೂ ಬಂತು.

ಎರಡನೇ ಹಸನ್ ಮಸೀದಿಯ ಎದುರು ಮಾತ್ರ ಯಾರ ಕೊಂಕೂ ನಡೆಯುವುದಿಲ್ಲ. ಅದೂ ಹೊಸದೇ, 1993ರಲ್ಲಿ ಉದ್ಘಾಟನೆಯಾದದ್ದು. ಆದರೆ 210 ಮೀಟರ್ ಮಿನಾರು ನೋಡಲು ಕತ್ತೆತ್ತಿದಾಗ ತಾರೀಖು ಯಾರಿಗೆ ನೆನಪಿರುತ್ತದೆ? ಅರ್ಧ ಕಟ್ಟಡ ಅಟ್ಲಾಂಟಿಕ್ ಸಾಗರದ ಮೇಲೇ ನಿಂತಿದೆ. ಪ್ರಾರ್ಥನಾ ಮಂದಿರದ ಮಾಡು ಸರಿದು ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಮುಸ್ಲಿಮರಲ್ಲದವರೂ ಟಿಕೆಟ್ ಕೊಂಡು, ಗೈಡ್ ಜೊತೆ ಒಳಗೆ ಹೋಗಬಹುದು. ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಕೈಗೇ ಕೊಡುತ್ತಾರೆ. ‘ಹೊರಗೆ ಬಿಟ್ಟ ಚಪ್ಪಲಿ ಇದೆಯೋ ಇಲ್ಲವೋ’ ಎಂದು ಚಿಂತಿಸುತ್ತಾ ದರ್ಶನ ಮಾಡಿ ಅಭ್ಯಾಸವಾದ ನಮಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇಕೆ?

ಹೊರಟಮೇಲೆ ಸಣ್ಣ ಕೆಂಪು ಟ್ಯಾಕ್ಸಿ ಹಿಡಿಯಿರಿ. ಮೂವರಿಗಷ್ಟೇ ಜಾಗ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂದರೆ ಎರಡು ಟ್ಯಾಕ್ಸಿ, ಒಂದು ಜಗಳ. ಒಬ್ಬರೇ ಹತ್ತಿದಿರೋ, ದಾರಿಯಲ್ಲಿ ಇನ್ಯಾರೋ ಬಂದು ಪಕ್ಕ ಕೂರುತ್ತಾರೆ. ಗಾಬರಿಬಿದ್ದು ಪರ್ಸ್ ಮುಟ್ಟಿಕೊಳ್ಳಬೇಡಿ, ಅಲ್ಲಿ ಅದು ಮಾಮೂಲು. ಜಗಳ ಬೇಡವೆಂದರೆ 2012ರಿಂದ ಓಡುತ್ತಿರುವ ಟ್ರಾಮ್ ಇದೆ. ಕಿಟಕಿಯ ಪಕ್ಕ ಕೂತು ಫ್ರೆಂಚರ ಕಾಲದ ಬಿಳಿ ಕಟ್ಟಡಗಳ ಬಾಲ್ಕನಿ ನೋಡಬಹುದು: ಕೆಳಗೆ ಸೊಗಸಾದ ಕಬ್ಬಿಣದ ಕೆತ್ತನೆ, ಮೇಲೆ ಒಣಹಾಕಿದ ಬಟ್ಟೆ, ಅದರ ಮೇಲೆ ಡಿಶ್ ಆ್ಯಂಟೆನಾ.

ಈ ಊರಿನವರಂತೂ ಏನನ್ನೂ ನೋಡಲು ಹೋಗುವುದಿಲ್ಲ, ಕೂತಲ್ಲೇ ನೋಡುತ್ತಾರೆ. ಕೆಫೆಗಳ ಕುರ್ಚಿಗಳೆಲ್ಲ ಬೀದಿಗೆ ಮುಖ ಮಾಡಿರುತ್ತವೆ. ಒಂದು ಲೋಟ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹೋಗಿಬರುವವರನ್ನು ಅಳೆಯುವುದು, ವಿದಾದ್ ತಂಡ ದೊಡ್ಡದೋ ರಾಜಾ ತಂಡ ದೊಡ್ಡದೋ ಎಂದು ಫುಟ್‌ಬಾಲ್ ವಾದ ಹೂಡುವುದು ಅವರ ದಿನಚರಿ. ನೀವು ಕ್ಯಾಮೆರಾ ಹೊತ್ತು ಬೆವರುತ್ತಾ ಹೋದರೆ, ಅವತ್ತಿನ ಪ್ರೇಕ್ಷಣೀಯ ಸ್ಥಳ ನೀವೇ.

ಓಡಾಡಿ ನೋಡುವವರಿಗೆ ಕಾಸಾಬ್ಲಾಂಕಾ ಒಂದು ಮಧ್ಯಾಹ್ನದ ಊರು; ಕೂತು ನೋಡುವವರಿಗೆ ವಾರವೂ ಸಾಲದು. ಹೋದರೆ ಒಂದು ಕುರ್ಚಿ ಹಿಡಿದು ಪುದೀನಾ ಚಹಾ ಹೇಳಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಚಹಾ ಮಾಡುವವರ ಕೈ ಬಲು ಧಾರಾಳ.